ಪಾಲಿ, ಪರ್ಕ್, ಟಾಪ್‌ಕಾನ್: ಮೈಸೂರು ಬಿಸಿಲಿಗೆ ಯಾವ ಪ್ಯಾನೆಲ್?

ಮೈಸೂರಿನಲ್ಲಿ ‘ಸೋಲಾರ್’ ಎಂದರೆ ಬಿಸಿನೀರು. ಯಾವ ಬಡಾವಣೆಯ ತಾರಸಿ ಹತ್ತಿ ನೋಡಿದರೂ ಕಪ್ಪು ನೀರಿನ ಟ್ಯಾಂಕಿನ ಪಕ್ಕದಲ್ಲಿ ಗಾಜಿನ ಕೊಳವೆಗಳ ಸಾಲೋ, ಗಾಜು ಮುಚ್ಚಿದ ಚಪ್ಪಟೆ ಪೆಟ್ಟಿಗೆಯೋ ಕಣ್ಣಿಗೆ ಬೀಳುತ್ತದೆ. ಹೀಗಾಗಿ ಕರೆಂಟು ಕೊಡುವ ಪ್ಯಾನೆಲ್ ಹಾಕಿಸಲು ಹೊರಟವರೂ ಅದೇ ರೂಢಿಯ ಮೇಲೆ, ಏಪ್ರಿಲ್ ಬಿಸಿಲು ಹೆಚ್ಚು ಸುಟ್ಟಷ್ಟೂ ಯೂನಿಟ್ ಹೆಚ್ಚು ಬರುತ್ತದೆಂದು ತಿಳಿದುಕೊಂಡಿರುತ್ತಾರೆ. ಕಾದಷ್ಟೂ ಒಳ್ಳೆಯದಾಗುವುದು ನೀರು. ಪ್ಯಾನೆಲ್ಲಾದರೋ ಕಾದಷ್ಟೂ ಸೋಲುತ್ತದೆ. ಅದಕ್ಕೆ ಬೇಕಾದದ್ದು ಬೆಳಕು, ಶಾಖವಲ್ಲ. ಮಾರಾಟಗಾರರು ಕೈಗೆ ಕೊಡುವ ಹಾಳೆಯ ಮೇಲಿನ ಶೇಕಡಾವಾರು ಅಂಕಿಗಳನ್ನು ಓದುವ ಮೊದಲು ಇದೊಂದು ವ್ಯತ್ಯಾಸ ಮನಸ್ಸಿನಲ್ಲಿದ್ದರೆ, ಮುಂದಿನ ಗೊಂದಲಗಳಲ್ಲಿ ಅರ್ಧದಷ್ಟು ತಾನಾಗಿಯೇ ಕಳೆಯುತ್ತದೆ.

ಈ ವಿಮರ್ಶೆ ಮೂರು ಬಗೆಯ ಪ್ಯಾನೆಲ್‌ಗಳನ್ನು ಬಳಸಿ ನೋಡಿದ ಮೇಲೆ ಬರೆದದ್ದು. 2014ರಲ್ಲಿ ಕುವೆಂಪುನಗರದ ನಮ್ಮ ಮನೆಗೆ 250 ವ್ಯಾಟ್‌ನ ನಾಲ್ಕು ಪಾಲಿಕ್ರಿಸ್ಟಲೈನ್ ಪ್ಯಾನೆಲ್‌ಗಳನ್ನು ಬ್ಯಾಟರಿಯ ಸಮೇತ ಹಾಕಿಸಿದ್ದೆವು. 2021ರಲ್ಲಿ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿರುವ ಅಕ್ಕ–ಭಾವನ ತೋಟದ ಮನೆಗೆ 445 ವ್ಯಾಟ್‌ನ ಏಳು ಮೊನೊ ಪರ್ಕ್ ಪ್ಯಾನೆಲ್‌ಗಳು ಬಂದವು. 2025ರ ಫೆಬ್ರುವರಿಯಲ್ಲಿ ನಮ್ಮ ಹಳೆಯ ಪ್ಯಾನೆಲ್‌ಗಳನ್ನು ಇಳಿಸಿ, ಅವುಗಳ ಜಾಗದಲ್ಲಿ 575 ವ್ಯಾಟ್‌ನ ಆರು ಟಾಪ್‌ಕಾನ್ ಪ್ಯಾನೆಲ್‌ಗಳನ್ನು ಏರಿಸಿದೆವು. ಒಂದೇ ಕಂಪನಿಯ ಪಟ್ಟಿಯಲ್ಲಿ ಈ ಬಗೆಗಳೆಲ್ಲ ಒಟ್ಟಿಗೆ ಸಿಗುವ ಕಾರಣ, ಇಲ್ಲಿ ತೂಗಿ ನೋಡಿರುವುದು ತಂತ್ರಜ್ಞಾನವನ್ನು, ಕಂಪನಿಯನ್ನಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನಿಗೆ ಇರುವ ಅಳೆಯುವ ಚಟವೂ ಇದರಲ್ಲಿ ಸೇರಿಕೊಂಡಿದೆ ಎಂಬುದನ್ನು ಓದುಗರು ಮನ್ನಿಸಬೇಕು.

ಪ್ಯಾನೆಲ್ಲಿನ ದಕ್ಷತೆಯೆಂದರೆ, ಅದರ ಮೈಮೇಲೆ ಬಿದ್ದ ಬೆಳಕಿನ ಶಕ್ತಿಯಲ್ಲಿ ನೂರಕ್ಕೆ ಎಷ್ಟು ಪಾಲು ವಿದ್ಯುತ್ತಾಗಿ ಹೊರಬಂತು ಎಂಬ ಲೆಕ್ಕ. ಇದನ್ನು ಕಂಪನಿಯ ಹಾಳೆಯಿಂದ ನಂಬಬೇಕಾಗಿಲ್ಲ. ಅಳತೆಯ ಟೇಪೊಂದಿದ್ದರೆ ಅಂಗಡಿಯಲ್ಲೇ ನಿಂತು ಕಂಡುಹಿಡಿಯಬಹುದು. ಪರೀಕ್ಷೆಯ ವೇಳೆ ಚದರ ಮೀಟರಿಗೆ 1000 ವ್ಯಾಟ್‌ನಷ್ಟು ಬೆಳಕು ಬೀಳಿಸಿ, ಕೋಶದ (ಪ್ಯಾನೆಲ್ಲಿನೊಳಗೆ ಬೆಳಕನ್ನು ವಿದ್ಯುತ್ತಾಗಿಸುವ ಸಿಲಿಕಾನ್ ಬಿಲ್ಲೆಯ) ಉಷ್ಣಾಂಶವನ್ನು 25 ಡಿಗ್ರಿಯಲ್ಲಿರಿಸಿ, ಆಗ ಬಂದ ವ್ಯಾಟ್ ಎಷ್ಟೋ ಅಷ್ಟನ್ನು ಪ್ಯಾನೆಲ್ಲಿನ ಬೆನ್ನಿನ ಚೀಟಿಯ ಮೇಲೆ ಅಚ್ಚು ಹಾಕುತ್ತಾರೆ. ನಮ್ಮ ಟಾಪ್‌ಕಾನ್ ಪ್ಯಾನೆಲ್ 2278 ಮಿಲಿಮೀಟರ್ ಉದ್ದ, 1134 ಮಿಲಿಮೀಟರ್ ಅಗಲ, ಅಂದರೆ 2.58 ಚದರ ಮೀಟರ್. ಅದರ ಮೇಲೆ ಬೀಳುವ ಬೆಳಕು ಸುಮಾರು 2580 ವ್ಯಾಟ್. ಅದರಿಂದ ಹೊರಡುವುದು 575. ಭಾಗಿಸಿದರೆ ಶೇ 22.3. ಭಾವನ ಮನೆಯ ಪರ್ಕ್ ಪ್ಯಾನೆಲ್ಲಿಗೆ ಇದೇ ಲೆಕ್ಕ ಹಾಕಿದರೆ ಶೇ 20.5 ಬರುತ್ತದೆ. ಹಳೆಯ ಪಾಲಿಯದು ಶೇ 15.3.

ನಗರದ ಒಬ್ಬ ಮಾರಾಟಗಾರರು ನಮಗೆ ತೋರಿಸಿದ ಬಣ್ಣದ ಪುಸ್ತಿಕೆಯಲ್ಲಿ ಇದೇ ಅಳತೆಯ, ಇದೇ 575 ವ್ಯಾಟ್‌ನ ಪ್ಯಾನೆಲ್ಲಿಗೆ ‘ಶೇ 25ರ ದಕ್ಷತೆ’ ಎಂದು ದಪ್ಪಕ್ಷರದಲ್ಲಿತ್ತು. ಸುಳ್ಳೆಂದು ಹೇಳುವಂತಿರಲಿಲ್ಲ, ಏಕೆಂದರೆ ಅದು ಬಿಡಿ ಕೋಶದ ದಕ್ಷತೆ. ಕೋಶಗಳನ್ನು ಜೋಡಿಸಿ ಚೌಕಟ್ಟು ಹಾಕಿದಾಗ ಕೋಶಗಳ ನಡುವಿನ ಸಂದು, ಅಂಚಿನ ಬಿಳಿ ಜಾಗ, ಗಾಜು ನುಂಗುವ ಬೆಳಕು, ತಂತಿಗಳಲ್ಲಿ ಕಳೆಯುವ ವಿದ್ಯುತ್ತು ಎಲ್ಲ ಸೇರಿ ಎರಡು–ಮೂರು ಅಂಶ ಇಳಿದುಬಿಡುತ್ತದೆ. ನಾನು ಟೇಪು ಹಿಡಿದು ಲೆಕ್ಕ ಹೇಳಿದಾಗ ಅವರು ‘ಎರಡೂ ಒಂದೇ ಸಾರ್’ ಎಂದರು. ಒಂದೇ ಅಲ್ಲ. ಎರಡು ಕೋಟೇಶನ್‌ಗಳನ್ನು ಹೋಲಿಸುವಾಗ ಒಂದರಲ್ಲಿ ಕೋಶದ ಅಂಕಿಯೂ ಇನ್ನೊಂದರಲ್ಲಿ ಪ್ಯಾನೆಲ್ಲಿನ ಅಂಕಿಯೂ ಇದ್ದರೆ, ಒಳ್ಳೆಯ ಸರಕನ್ನು ಕೀಳೆಂದು ಬಿಟ್ಟು ಬರುವ ಸಂಭವವಿದೆ.

ಇನ್ನು ಆ ಶೇಕಡಾವಾರಿನಿಂದ ಮನೆಯವರಿಗೆ ಆಗುವ ಉಪಯೋಗವೇನು ಎಂಬ ಪ್ರಶ್ನೆ. ದಕ್ಷತೆ ಹೆಚ್ಚಿದ್ದರೆ ಬಿಲ್ಲು ಇಳಿಯುತ್ತದೆ ಎಂದು ಹೆಚ್ಚಿನವರು ಭಾವಿಸುತ್ತಾರೆ, ಆದರೆ ನಾವು ಕೊಳ್ಳುವುದು ಶೇಕಡಾವಾರನ್ನಲ್ಲ, ವ್ಯಾಟನ್ನು. ಪಾಲಿಯ ಮೂರು ಕಿಲೋವ್ಯಾಟೂ ಟಾಪ್‌ಕಾನಿನ ಮೂರು ಕಿಲೋವ್ಯಾಟೂ ಪರೀಕ್ಷೆಯ ಕೋಣೆಯಲ್ಲಿ ಒಂದೇ. ವ್ಯತ್ಯಾಸ ಬರುವುದು ಅವು ಆಕ್ರಮಿಸುವ ಜಾಗದಲ್ಲಿ. ನಮ್ಮ ಆರು ಟಾಪ್‌ಕಾನ್ ಪ್ಯಾನೆಲ್‌ಗಳ 3.45 ಕಿಲೋವ್ಯಾಟಿಗೆ 167 ಚದರ ಅಡಿ ಸಾಕಾಯಿತು. ಅಷ್ಟನ್ನೇ ಹಳೆಯ ಪಾಲಿಯಿಂದ ಪಡೆಯಬೇಕಿದ್ದರೆ ಹದಿನಾಲ್ಕು ಪ್ಯಾನೆಲ್, ಸುಮಾರು 247 ಚದರ ಅಡಿ ಬೇಕಾಗುತ್ತಿತ್ತು. ಮೈಸೂರಿನ 30×40 ನಿವೇಶನದಲ್ಲಿ ಮನೆ ಕಟ್ಟಿಕೊಂಡವರಿಗೆ ಈ 80 ಚದರ ಅಡಿಯ ಬೆಲೆ ಗೊತ್ತು. ತಾರಸಿಯ ಒಂದು ಮೂಲೆಯಲ್ಲಿ ನೀರಿನ ಟ್ಯಾಂಕು, ಇನ್ನೊಂದರಲ್ಲಿ ಬಿಸಿನೀರಿನ ಸೋಲಾರ್, ಮೆಟ್ಟಿಲ ಮೇಲಿನ ಕೋಣೆ, ಬಟ್ಟೆಯ ಹಗ್ಗ, ಬೇಸಗೆ ಬಂದರೆ ಸಂಡಿಗೆಯ ಸೀರೆ. ಇವುಗಳ ನಡುವೆ ನೆರಳಿಲ್ಲದ ಜಾಗ ಹುಡುಕಬೇಕು. ಮಳವಳ್ಳಿಯಲ್ಲಿ ಅಂಥ ಇಕ್ಕಟ್ಟಿಲ್ಲ. ಶೇ 20.5 ಮತ್ತು 22.3ರ ನಡುವಿನ ಅಂತರವನ್ನು ನಾನು ವಿವರಿಸತೊಡಗಿದಾಗ ಭಾವ ಕೇಳಿದ್ದು ಇಷ್ಟೇ: ‘ಪರ್ಸೆಂಟು ಅತ್ಲಾಗಿರ್ಲಿ, ದಿನಕ್ಕೆ ಎಷ್ಟು ಯೂನಿಟ್ ಬತ್ತದೆ ಅದ್ನೇಳು.’ ತೋಟದ ಮನೆಯ ಮಟ್ಟಿಗೆ ಅದೇ ಸರಿಯಾದ ಪ್ರಶ್ನೆ.

ಬೆಳಕನ್ನೆಲ್ಲ ವಿದ್ಯುತ್ತಾಗಿಸಲು ಏಕಾಗದು ಎಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ‘ಇನ್ನೈದು ವರ್ಷ ಕಾದರೆ ಶೇ 50ರ ಪ್ಯಾನೆಲ್ ಬರುತ್ತದೆ’ ಎಂದು ಕಾಯುತ್ತ ಕುಳಿತವರು ನನ್ನ ಗೆಳೆಯರಲ್ಲೇ ಇದ್ದಾರೆ. ಸಿಲಿಕಾನಿನಲ್ಲಿ ಎಲೆಕ್ಟ್ರಾನ್ ಕದಲಲು ಬೆಳಕಿನ ಕಣವೊಂದಕ್ಕೆ ಕನಿಷ್ಠ 1.12 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಇರಬೇಕು. ನಾಲೆಯ ನೀರು ತೂಬಿನ ಮಟ್ಟಕ್ಕೆ ಏರದಿದ್ದರೆ ಗದ್ದೆಗೆ ಹನಿಯೂ ಇಳಿಯುವುದಿಲ್ಲ. ಹಾಗೆಯೇ ಕಡಿಮೆ ಶಕ್ತಿಯ ಅವಕೆಂಪು ಬೆಳಕು ಕೋಶವನ್ನು ಹಾದು ಹೋಗುತ್ತದೆ, ಅಥವಾ ಬರಿದೇ ಬಿಸಿ ಮಾಡುತ್ತದೆ. ಹೆಚ್ಚು ಶಕ್ತಿಯ ನೀಲಿ ಬೆಳಕಿನಿಂದಲೂ ದಕ್ಕುವುದು ಆ ಒಂದು ಮಟ್ಟದಷ್ಟೇ, ಮಿಕ್ಕದ್ದು ಶಾಖ. ವಿಲಿಯಂ ಶಾಕ್ಲಿ ಮತ್ತು ಹಾನ್ಸ್ ಕ್ವೈಸರ್ 1961ರಲ್ಲಿ ಈ ಲೆಕ್ಕವನ್ನು ಮಾಡಿ, ಸಿಲಿಕಾನಿನಂಥ ಒಂದೇ ಅರೆವಾಹಕದಿಂದಾದ ಕೋಶವು ಒಂದು ಗಡಿಯನ್ನು ದಾಟಲಾರದೆಂದು ತೋರಿಸಿದರು; ಇಂದಿನ ಲೆಕ್ಕದಲ್ಲಿ ಆ ಗಡಿ ಶೇ 33ರ ಆಸುಪಾಸು. ಸಿಲಿಕಾನಿನ ಇತರ ಸಹಜ ನಷ್ಟಗಳನ್ನೂ ಸೇರಿಸಿದರೆ ಅದರ ಗಡಿ ಶೇ 29.4. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಸಿಲಿಕಾನ್ ಕೋಶದ ದಕ್ಷತೆ ಶೇ 6ರಷ್ಟಿತ್ತು; ಈಗ ಪ್ರಯೋಗಾಲಯದ ಒಳ್ಳೆಯ ಕೋಶಗಳು ಶೇ 27ನ್ನು ದಾಟಿವೆ. ಏರಲು ಉಳಿದಿರುವುದು ಎರಡೇ ಮೆಟ್ಟಿಲು. ಹಾಗಾಗಿ ಕೇವಲ ಸಿಲಿಕಾನನ್ನು ನಂಬಿ ಕಾಯುವುದರಲ್ಲಿ ಅರ್ಥವಿಲ್ಲ.

ಪಾಲಿ ಮತ್ತು ಮೊನೊಗಳ ವ್ಯತ್ಯಾಸವನ್ನು ಮಂಡ್ಯದವರಿಗೆ ಹೇಳುವುದು ಸುಲಭ: ಒಂದು ಅಚ್ಚುಬೆಲ್ಲ, ಇನ್ನೊಂದು ಕಲ್ಲುಸಕ್ಕರೆ. ಕರಗಿದ ಸಿಲಿಕಾನನ್ನು ಅಚ್ಚಿಗೆ ಹೊಯ್ದು ಆರಿಸಿದರೆ ನೂರಾರು ಸಣ್ಣ ಹರಳುಗಳು ಒಂದಕ್ಕೊಂದು ಅಂಟಿಕೊಂಡ ಗಟ್ಟಿ ಸಿಗುತ್ತದೆ. ಅದನ್ನು ಕೊಯ್ದ ಬಿಲ್ಲೆಗಳೇ ನೀಲಿ ಬಣ್ಣದ, ಚೂರುಚೂರು ಮಿನುಗುವ ಪಾಲಿ ಕೋಶಗಳು. ದಾರದ ಸುತ್ತ ಕಲ್ಲುಸಕ್ಕರೆ ಬೆಳೆಯುವಂತೆ ಸಣ್ಣದೊಂದು ಬೀಜದ ಹರಳನ್ನು ಕರಗಿದ ಸಿಲಿಕಾನಿಗೆ ತಾಗಿಸಿ, ತಿರುಗಿಸುತ್ತ ನಿಧಾನವಾಗಿ ಮೇಲಕ್ಕೆಳೆದರೆ ಇಡೀ ಕಂಬ ಒಂದೇ ಹರಳಾಗಿ ಬೆಳೆಯುತ್ತದೆ. ಮೊನೊ ಕೋಶ ಬರುವುದು ಅದರಿಂದ. ಹರಳು ಹರಳುಗಳ ನಡುವಿನ ಗಡಿಗಳಲ್ಲಿ ಎಲೆಕ್ಟ್ರಾನುಗಳು ಸಿಕ್ಕಿಬಿದ್ದು ಮಾಯವಾಗುವುದರಿಂದ ಪಾಲಿ ಹಿಂದೆ ಬಿತ್ತು. ಮೊನೊದ ಬೆಲೆ ಇಳಿದ ಮೇಲಂತೂ ಅದನ್ನು ಹೊಸದಾಗಿ ಕೊಳ್ಳಲು ಕಾರಣವೇ ಉಳಿದಿಲ್ಲ. ಯಾರಾದರೂ ‘ಸ್ಟಾಕಿದೆ, ಅಗ್ಗಕ್ಕೆ ಕೊಡುತ್ತೇವೆ’ ಎಂದರೆ, ಪ್ಯಾನೆಲ್ಲಿನ ಬೆಲೆ ಅಗ್ಗವಾದರೂ ಅದನ್ನು ನಿಲ್ಲಿಸುವ ಕಬ್ಬಿಣ, ತಂತಿ, ಕೂಲಿ ಹೆಚ್ಚಾಗುತ್ತದೆಂಬುದನ್ನು ನೆನಪಿಡಬೇಕು.

ಪರ್ಕ್ ಎಂಬುದು ಮೊನೊ ಕೋಶದ ಬೆನ್ನಿಗೆ ಮಾಡಿದ ಆರೈಕೆ. ಹಳೆಯ ಕೋಶಗಳ ಹಿಂಬದಿಯನ್ನೆಲ್ಲ ಅಲ್ಯೂಮಿನಿಯಂ ಲೋಹವೇ ಮುಚ್ಚಿರುತ್ತಿದ್ದು, ಅಲ್ಲಿಗೆ ತಲುಪಿದ ಎಲೆಕ್ಟ್ರಾನುಗಳು ವ್ಯರ್ಥವಾಗುತ್ತಿದ್ದವು. ನಡುವೆ ತೆಳುವಾದ ನಿರೋಧಕ ಪದರವನ್ನು ಹಾಸಿ, ಅಲ್ಲಲ್ಲಿ ಮಾತ್ರ ಕಿಂಡಿ ತೆರೆದು ಲೋಹವನ್ನು ತಾಗಿಸಿದರೆ ಆ ನಷ್ಟ ತಗ್ಗುತ್ತದೆ. ಒಳಗೆ ಹೀರಲ್ಪಡದ ಬೆಳಕೂ ಪ್ರತಿಫಲಿಸಿ ಮತ್ತೊಮ್ಮೆ ಕೋಶದೊಳಕ್ಕೆ ಬರುತ್ತದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಗ್ರೀನ್ ಅವರ ತಂಡ 1980ರ ದಶಕದಲ್ಲಿ ರೂಪಿಸಿದ ಈ ಉಪಾಯ ಮನೆಯ ತಾರಸಿಗಳನ್ನು ತಲುಪಲು ಮೂರು ದಶಕಗಳೇ ಬೇಕಾದವು. ಇದರ ದೋಷವೊಂದಿದೆ. ಪರ್ಕ್ ಕೋಶಗಳ ಸಿಲಿಕಾನಿಗೆ ಸಾಮಾನ್ಯವಾಗಿ ಬೋರಾನ್ ಬೆರೆಸಿರುತ್ತಾರೆ. ಬಿಸಿಲಿಗೊಡ್ಡಿದ ಮೇಲೆ ಬೋರಾನೂ ಒಳಗುಳಿದ ಆಮ್ಲಜನಕವೂ ಕೂಡಿ ಮೊದಲ ತಿಂಗಳುಗಳಲ್ಲೇ ಒಂದಿಷ್ಟು ಶಕ್ತಿಯನ್ನು ಕುಗ್ಗಿಸುತ್ತವೆ. ಭಾವನ ಪ್ಯಾನೆಲ್ಲಿನ ಖಾತರಿ ಪತ್ರದಲ್ಲಿ ಮೊದಲ ವರ್ಷ ಶೇ 2, ಆಮೇಲೆ ವರ್ಷಕ್ಕೆ ಶೇ 0.55 ಇಳಿಕೆಯೆಂದೂ, 25 ವರ್ಷಕ್ಕೆ ಶೇ 84.8 ಉಳಿಯಬೇಕೆಂದೂ ಬರೆದಿದೆ.

ಟಾಪ್‌ಕಾನ್‌ನಲ್ಲಿ ಬಳಸುವುದು ರಂಜಕ ಬೆರೆಸಿದ ಸಿಲಿಕಾನ್, ಹಾಗಾಗಿ ಮೇಲೆ ಹೇಳಿದ ಬೋರಾನಿನ ಕಾಯಿಲೆ ಇದಕ್ಕಿಲ್ಲ. ಬೆನ್ನಿಗೆ ಒಂದೆರಡು ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪದರ, ಅದರ ಮೇಲೆ ವಿದ್ಯುತ್ ಹರಿಯಬಲ್ಲ ಸಿಲಿಕಾನಿನ ಇನ್ನೊಂದು ತೆಳು ಪದರ. ಆಕ್ಸೈಡ್ ಎಷ್ಟು ತೆಳುವೆಂದರೆ ಎಲೆಕ್ಟ್ರಾನು ಅದನ್ನು ತೂರಿ ಆಚೆಗೆ ಹೋಗಬಲ್ಲದು, ಎದುರು ಬಗೆಯ ಕಣಕ್ಕೆ ಮಾತ್ರ ಅದು ಗೋಡೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ 2013ರಲ್ಲಿ ಇದನ್ನು ಮುಂದಿಟ್ಟಿತು. ನಮ್ಮ ಖಾತರಿ ಪತ್ರದ ಪ್ರಕಾರ ಮೊದಲ ವರ್ಷ ಶೇ 1, ಅನಂತರ ವರ್ಷಕ್ಕೆ ಶೇ 0.4 ಇಳಿಕೆ, 30 ವರ್ಷಕ್ಕೆ ಶೇ 87.4 ಉಳಿಯಬೇಕು. ಟಾಪ್‌ಕಾನ್ ಕೋಶದ ಮುಂಬದಿಯ ಲೋಹದ ಗೆರೆಗಳಿಗೆ ತೇವ ತಾಗಬಾರದು. ಆದ್ದರಿಂದ ಹಿಂದೆ ಪ್ಲಾಸ್ಟಿಕ್ ಹಾಳೆಯಿರುವುದರ ಬದಲು ಎರಡೂ ಕಡೆ ಗಾಜಿರುವುದನ್ನೇ ಆರಿಸಿಕೊಂಡೆವು. ಅದರ ತೂಕ 30 ಕೆ.ಜಿ. ಮೀರುತ್ತದೆ. ಏಳೂವರೆ ಅಡಿ ಉದ್ದದ ಈ ಗಾಜಿನ ಬಾಗಿಲು ನಮ್ಮ ಮನೆಯ ಮೆಟ್ಟಿಲ ತಿರುವಿನಲ್ಲಿ ಹೊರಳಲೇ ಇಲ್ಲ. ಕೊನೆಗೆ ನಾಲ್ವರು ಹುಡುಗರು ರಸ್ತೆಯ ಕಡೆಯಿಂದ ಹಗ್ಗ ಕಟ್ಟಿ ಒಂದೊಂದನ್ನೇ ಮೇಲೆಳೆದುಕೊಂಡರು. ಎದುರು ಮನೆಯ ಅಜ್ಜಿ ಅಷ್ಟು ಹೊತ್ತೂ ಉಸಿರು ಬಿಗಿಹಿಡಿದು ನಿಂತಿದ್ದರು. ಅಂಗಡಿಯಲ್ಲಿ ಒಪ್ಪಂದ ಮಾಡಿಕೊಳ್ಳುವಾಗಲೇ ಪ್ಯಾನೆಲ್ ಮೇಲೆ ಹೋಗುವ ದಾರಿ ಯಾವುದೆಂದು ಮಾತಾಡಿಕೊಳ್ಳಬೇಕು.

ಈಗ ಶಾಖದ ವಿಷಯ. 2025ರ ಏಪ್ರಿಲಿನ ಒಂದು ಮಧ್ಯಾಹ್ನ ಒಂದು ಗಂಟೆಗೆ, ನೆರಳಿನಲ್ಲಿ 32 ಡಿಗ್ರಿ ಇದ್ದಾಗ, ಜ್ವರ ನೋಡುವ ಬಂದೂಕಿನಂಥದೇ ಆದ, ಕಾರ್ಖಾನೆಯಲ್ಲಿ ಬಳಸುವ ಅವಕೆಂಪು ತಾಪಮಾಪಕವನ್ನು ಟಾಪ್‌ಕಾನ್ ಪ್ಯಾನೆಲ್ಲಿನ ಬೆನ್ನಿಗೆ ಹಿಡಿದೆ. 63 ಡಿಗ್ರಿ ತೋರಿಸಿತು. ಪರೀಕ್ಷೆಯ ಕೋಣೆಯ 25ಕ್ಕಿಂತ 38 ಹೆಚ್ಚು. ಉಷ್ಣಾಂಶ ಒಂದು ಡಿಗ್ರಿ ಏರಿದರೆ ಶಕ್ತಿ ಎಷ್ಟು ಇಳಿಯುತ್ತದೆಂಬ ಅಂಕಿ ಪ್ರತಿ ಪ್ಯಾನೆಲ್ಲಿನ ತಾಂತ್ರಿಕ ಹಾಳೆಯಲ್ಲಿ ಇರುತ್ತದೆ. ದಕ್ಷತೆಯಂತೆ ದಪ್ಪಕ್ಷರದಲ್ಲಿ ಅಲ್ಲ, ಕೆಳಗೆ ಮೂಲೆಯಲ್ಲಿ. ಪಾಲಿಗೆ ಸುಮಾರು ಶೇ 0.41, ಪರ್ಕ್‌ಗೆ 0.35, ಟಾಪ್‌ಕಾನ್‌ಗೆ 0.30, ಎಚ್‌ಜೆಟಿ ಎಂಬ ಇನ್ನೊಂದು ಬಗೆಗೆ 0.25ರ ಆಸುಪಾಸು. ಇವನ್ನು 38ರಿಂದ ಗುಣಿಸಿ ನೋಡಿದರೆ, ಆ ಮಧ್ಯಾಹ್ನದ ಬಿಸಿಗೆ ಪಾಲಿ ತನ್ನ ಶಕ್ತಿಯಲ್ಲಿ ಶೇ 15.6ನ್ನು, ಪರ್ಕ್ 13.3ನ್ನು, ಟಾಪ್‌ಕಾನ್ 11.4ನ್ನು, ಎಚ್‌ಜೆಟಿ 9.5ನ್ನು ಕಳೆದುಕೊಳ್ಳುತ್ತವೆ. ನಮ್ಮ ಶೇ 22.3ರ ಪ್ಯಾನೆಲ್ ನಿಜವಾದ ತಾರಸಿಯಲ್ಲಿ ಶೇ 19.7ರದು, ಭಾವನ 20.5ರದು 17.8, ಹಳೆಯ ಪಾಲಿಯ 15.3 ಇಳಿದು 12.9. ಜಾಗದ ವಿಚಾರವನ್ನು ಬಿಟ್ಟರೆ, ನಮ್ಮ ಊರಿನ ಹವೆಗೆ ಹೊಸ ತಂತ್ರಜ್ಞಾನದಿಂದ ಸಿಗುವ ದೊಡ್ಡ ಲಾಭ ಈ ಮೂಲೆಯ ಅಂಕಿಯಲ್ಲಿದೆ, ಮೇಲಿನ ದಪ್ಪಕ್ಷರದಲ್ಲಲ್ಲ.

ಪ್ಯಾನೆಲ್ಲಿನ ಕೆಳಗೆ ಗಾಳಿಯಾಡಲು ಜಾಗ ಬಿಟ್ಟರೆ ಈ ಬಿಸಿ ಒಂದಿಷ್ಟು ತಗ್ಗುತ್ತದೆ. ತಾರಸಿಗೆ ಅಂಟಿದಂತೆ ಹಾಕುವುದಕ್ಕಿಂತ ಎಂಟಡಿ ಎತ್ತರದ ಕಬ್ಬಿಣದ ಚಪ್ಪರ ಹಾಕಿಸಿದ್ದರಿಂದ ನಮಗೆ ಗಾಳಿಯೂ ಸಿಕ್ಕಿತು, ಬಟ್ಟೆ ಒಣಗಿಸುವ ಜಾಗವೂ ಉಳಿಯಿತು. ಸಂಡಿಗೆಗೆ ಮಾತ್ರ ನೆರಳು ಬಿತ್ತೆಂಬ ಆಕ್ಷೇಪಣೆ ಮನೆಯಲ್ಲಿ ಇನ್ನೂ ಬಗೆಹರಿದಿಲ್ಲ. ವಾಲಿಕೆಯ ಬಗ್ಗೆಯೂ ಒಂದು ಮಾತು. ಮೈಸೂರು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲಿನ ನಾಲ್ಕನೆಯ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೇರ ನೆತ್ತಿಗೆ ಬಂದು, ಆಮೇಲೆ ಆಗಸ್ಟಿನವರೆಗೂ ಉತ್ತರಕ್ಕೆ ವಾಲಿರುತ್ತಾನೆ. ದಕ್ಷಿಣಕ್ಕೆ 10ರಿಂದ 12 ಡಿಗ್ರಿ ಇಳಿಜಾರು ಸಾಕು. ಉತ್ತರ ಭಾರತದ ಚಿತ್ರ ನೋಡಿ 25 ಡಿಗ್ರಿ ಎತ್ತಿ ಕಟ್ಟುವವರಿದ್ದಾರೆ, ಅದು ಇಲ್ಲಿಗೆ ಹೊಂದುವುದಿಲ್ಲ.

ಎಣಿಸಿದ ಯೂನಿಟ್‌ಗಳು ಹೀಗಿವೆ. 2025ರ ಏಪ್ರಿಲಿನಲ್ಲಿ ನಮ್ಮ ಟಾಪ್‌ಕಾನ್ ದಿನಕ್ಕೆ ಸರಾಸರಿ 16.2 ಯೂನಿಟ್, ಅಂದರೆ ಕಿಲೋವ್ಯಾಟಿಗೆ 4.7 ಕೊಟ್ಟಿತು. ಮಳೆ ಹಿಡಿದ ಜುಲೈನಲ್ಲಿ 10.4ಕ್ಕೆ ಇಳಿಯಿತು. ಭಾವನ ಪರ್ಕ್ ಅದೇ ಏಪ್ರಿಲಿನಲ್ಲಿ ದಿನಕ್ಕೆ 14 ಯೂನಿಟ್, ಕಿಲೋವ್ಯಾಟಿಗೆ 4.5. ಊರು ಬೇರೆ, ಪ್ಯಾನೆಲ್ಲಿನ ವಯಸ್ಸು ಬೇರೆ, ಆದುದರಿಂದ ಇದನ್ನು ಪ್ರಯೋಗಾಲಯದ ಹೋಲಿಕೆಯೆಂದು ಹೇಳಲಾರೆ; ಆದರೂ ಶಾಖದ ಲೆಕ್ಕವೂ ನಾಲ್ಕು ವರ್ಷದ ಸವೆತವೂ ಸೇರಿ ಬರಬೇಕಾದ ಅಂತರಕ್ಕೆ ಇದು ತೀರ ದೂರವೇನಿಲ್ಲ.

ಈ ನಾಲ್ಕೈದು ಶೇಕಡ ಅಂತರದ ಬಗ್ಗೆ ತಲೆ ಕೆಡಿಸಿಕೊಂಡಿದ್ದ ನನಗೆ ಮಳವಳ್ಳಿಯ ತಾರಸಿಯ ಮೇಲೆ ಒಂದು ಪಾಠವಾಯಿತು. ಕಬ್ಬು ಕಡಿದ ಗದ್ದೆಗಳಲ್ಲಿ ತರಗಿಗೆ ಬೆಂಕಿ ಹಾಕುವ ಕಾಲ. ಹತ್ತಿರದಲ್ಲೇ ಆಲೆಮನೆಯೊಂದು ಹೊಗೆಯಾಡುತ್ತಿತ್ತು. ಪ್ಯಾನೆಲ್ಲಿನ ಮೇಲೆ ಬೆರಳಾಡಿಸಿದರೆ ಮಸಿ ಮೆತ್ತಿ, ಗೆರೆ ಮೂಡಿತು. ಇಬ್ಬನಿ ಬಿದ್ದು ಒಣಗಿದ್ದರಿಂದ ಬೂದಿ ಕೆಳ ಅಂಚಿನಲ್ಲಿ ಪಟ್ಟಿಯಾಗಿ ಗಟ್ಟಿಯಾಗಿತ್ತು. ಹನ್ನೆರಡು ಗಂಟೆಗೆ ಇನ್ವರ್ಟರಿನ ಪರದೆ 2.0 ಕಿಲೋವ್ಯಾಟ್ ತೋರಿಸುತ್ತಿತ್ತು. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬಾರದೆಂದು ಅಂದು ಬಿಟ್ಟು, ಮರುದಿನ ಬೆಳಿಗ್ಗೆ ಬಿಸಿಲೇರುವ ಮೊದಲು ಮೂರು ಬಕೆಟ್ ನೀರು, ಒಂದು ಹಳೆಯ ಪಂಚೆಯಿಂದ ಏಳೂ ಪ್ಯಾನೆಲ್‌ಗಳನ್ನು ಒರೆಸಿದೆವು. ಅದೇ ಬಗೆಯ ತಿಳಿಯಾದ ಬಿಸಿಲಿನಲ್ಲಿ ಹನ್ನೆರಡಕ್ಕೆ 2.3 ಬಂತು. ಶೇ 15ರ ಏರಿಕೆ! ಪಾಲಿಯಿಂದ ಟಾಪ್‌ಕಾನ್‌ವರೆಗೆ ವಿಜ್ಞಾನಿಗಳು ಶಾಖದ ನಷ್ಟದಲ್ಲಿ ಉಳಿಸಿಕೊಟ್ಟಿದ್ದು ನಾಲ್ಕು ಶೇಕಡ. ಪಂಚೆ ಉಳಿಸಿದ್ದು ಹದಿನೈದು. ಗಡಸು ನೀರಿನ ಕೊಳವೆಬಾವಿಯಿದ್ದರೆ ಮಾತ್ರ ಒರೆಸಿದ ಕೂಡಲೇ ಒಣಬಟ್ಟೆಯಲ್ಲಿ ನೀರನ್ನು ತೆಗೆಯಬೇಕು, ಇಲ್ಲವಾದರೆ ಬೂದಿಯ ಜಾಗದಲ್ಲಿ ಸುಣ್ಣದ ಕಲೆ ಕೂರುತ್ತದೆ.

ನೆರಳಿನ ಕಾಟ ಇದಕ್ಕಿಂತ ಸೂಕ್ಷ್ಮ. ಪ್ಯಾನೆಲ್‌ಗಳು ಸರಪಳಿಯಂತೆ ಜೋಡಿಸಲ್ಪಟ್ಟಿರುವುದರಿಂದ ಒಂದರಲ್ಲಿ ಹರಿವು ಕುಗ್ಗಿದರೆ ಉಳಿದವಕ್ಕೂ ತೊಡಕು. ನಮ್ಮ ಪಕ್ಕದ ಮನೆಯ ತೆಂಗಿನ ಗರಿಯ ನೆರಳು ಸಂಜೆ ನಾಲ್ಕರ ಹೊತ್ತಿಗೆ ಎರಡು ಪ್ಯಾನೆಲ್‌ಗಳ ಮೇಲೆ ಅಡ್ಡ ಬಿದ್ದಾಗ, 1.2 ಕಿಲೋವ್ಯಾಟ್ ಇದ್ದದ್ದು 0.85ಕ್ಕೆ ಇಳಿಯಿತು. ಹೊಸ ಪ್ಯಾನೆಲ್‌ಗಳಲ್ಲಿ ಕೋಶಗಳನ್ನು ಎರಡಾಗಿ ಸೀಳಿ ಮೇಲರ್ಧ, ಕೆಳಗಿನರ್ಧ ಬೇರೆ ಬೇರೆ ದುಡಿಯುವಂತೆ ಜೋಡಿಸಿರುವುದರಿಂದ ಹಾನಿ ಹಳೆಯ ಪಾಲಿಯಷ್ಟಿಲ್ಲ. ಹಾಗೆ ಸೀಳಿದ್ದರಿಂದ ಹರಿಯುವ ವಿದ್ಯುತ್ತು ಅರ್ಧವಾಗಿ, ತಂತಿಯ ನಷ್ಟ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ ಎಂಬುದು ಇನ್ನೊಂದು ಅನುಕೂಲ. ಆದರೂ ತೆಂಗಿನ ಮರವಿರುವ ಕಡೆ ಯಾವ ತಂತ್ರಜ್ಞಾನವೂ ಮರಕ್ಕೆ ಸಾಟಿಯಲ್ಲ. ಪಕ್ಕದವರು ದೊಡ್ಡ ಮನಸ್ಸಿನಿಂದ ಎರಡು ಗರಿ ಕಡಿಸಿಕೊಟ್ಟರು.

ನಾನು ಹಾಕಿಸದೆ ಬಿಟ್ಟ ಬಗೆಗಳನ್ನೂ ಹೇಳಬೇಕು. ಎಚ್‌ಜೆಟಿಯಲ್ಲಿ ಹರಳಿನ ಸಿಲಿಕಾನನ್ನು ಹರಳಲ್ಲದ ಸಿಲಿಕಾನಿನ ತೆಳು ಪದರಗಳ ನಡುವೆ ಇಡುತ್ತಾರೆ. ಜಪಾನಿನ ಸಾನ್ಯೊ ಕಂಪನಿ 1990ರ ದಶಕದಲ್ಲಿ ಮಾರುಕಟ್ಟೆಗೆ ತಂದದ್ದು. ಶಾಖ ತಡೆಯುವುದರಲ್ಲಿ ಇದೇ ಮೊದಲು, ಹಿಂಬದಿಯಿಂದ ಬೆಳಕು ಹೀರುವುದರಲ್ಲೂ ಇದೇ ಮೊದಲು, ಆದರೆ ಬೆಳ್ಳಿಯ ಬಳಕೆ ಹೆಚ್ಚು. ನನಗೆ ಬಂದ ಕೋಟೇಶನ್‌ಗಳಲ್ಲಿ ಪರ್ಕ್‌ಗಿಂತ ಟಾಪ್‌ಕಾನ್ ಎಂಟು ಸಾವಿರ ಹೆಚ್ಚು, ಟಾಪ್‌ಕಾನ್‌ಗಿಂತ ಎಚ್‌ಜೆಟಿ ಇಪ್ಪತ್ತೈದು ಸಾವಿರ ಹೆಚ್ಚಿತ್ತು. ವರ್ಷಕ್ಕೆ 5000 ಯೂನಿಟ್, ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೆ, ಪರ್ಕ್‌ನಿಂದ ಟಾಪ್‌ಕಾನ್‌ಗೆ ಏರಿ ಗಳಿಸುವ ಶೇ 3ರಷ್ಟು ಹೆಚ್ಚುವರಿ ವರ್ಷಕ್ಕೆ 900 ರೂಪಾಯಿ. ಒಂಬತ್ತು ವರ್ಷದಲ್ಲಿ ಹಣ ತಿರುಗಿ ಬರುತ್ತದೆ. ಟಾಪ್‌ಕಾನ್‌ನಿಂದ ಎಚ್‌ಜೆಟಿಗೆ ಏರಿದರೆ ಶೇ 2, ವರ್ಷಕ್ಕೆ 600 ರೂಪಾಯಿ. ಇಪ್ಪತ್ತೈದು ಸಾವಿರ ಹಿಂದಿರುಗಲು ನಲವತ್ತು ವರ್ಷ ದಾಟುತ್ತದೆ. ಮುಂಬದಿಯಲ್ಲಿ ಲೋಹದ ಗೆರೆಯೇ ಇಲ್ಲದ, ಎಲ್ಲ ಸಂಪರ್ಕಗಳನ್ನೂ ಬೆನ್ನಿಗೆ ಕೊಂಡೊಯ್ದ ಕಪ್ಪು ಪ್ಯಾನೆಲ್ ನೋಡಲು ಬಹು ಸೊಗಸು, ದಕ್ಷತೆಯಲ್ಲೂ ಮುಂದು. ಚೊಕ್ಕಟವಾಗಿ ಕಾಣಬೇಕೆನ್ನುವವರು, ಜಾಗ ತೀರ ಕಡಿಮೆಯಿರುವವರು ವಿಚಾರಿಸಬಹುದು. ಕ್ಯಾಡ್ಮಿಯಂ ಟೆಲ್ಯುರೈಡಿನ ತೆಳುಪದರ ಪ್ಯಾನೆಲ್ ಶಾಖಕ್ಕೆ ಅಷ್ಟಾಗಿ ಹೆದರುವುದಿಲ್ಲವಾದರೂ ಅದು ಎಕರೆಗಟ್ಟಲೆ ಹಾಸುವ ದೊಡ್ಡ ಸ್ಥಾವರಗಳ ಸರಕು.

ಪೆರೊವ್‌ಸ್ಕೈಟ್ ಎಂಬ ಹೊಸ ಬಗೆಯ ಕೋಶವಸ್ತುವಿನ ಹೆಸರನ್ನು ಪತ್ರಿಕೆಯಲ್ಲಿ ಓದಿದವರು ನನ್ನನ್ನು ಕೇಳುವುದುಂಟು. 2009ರಲ್ಲಿ ಜಪಾನಿನಲ್ಲಿ ಶೇ 3.8ರಿಂದ ಶುರುವಾದ ಈ ವಸ್ತುವನ್ನು ಸಿಲಿಕಾನಿನ ಮೇಲೆ ಹಾಸಿ, ನೀಲಿ ಬೆಳಕಿಗೆ ಒಂದು ತೂಬು, ಕೆಂಪಿಗೆ ಇನ್ನೊಂದು ತೂಬು ಎಂಬಂತೆ ಜೋಡಿ ಕೋಶ ಮಾಡಿದ್ದಾರೆ. ಚೀನಾದ ಲೊಂಗಿ ಕಂಪನಿ 2025ರಲ್ಲಿ ಇಂಥ ಕೋಶದಿಂದ ಶೇ 34.85 ಪಡೆಯಿತು; ಒಂಟಿ ಅರೆವಾಹಕದ ಗಡಿಯನ್ನು ದಾಟಿದ ಅಂಕಿ ಇದು. ಆದರೆ ತೇವಕ್ಕೂ ಶಾಖಕ್ಕೂ ಬೇಗ ಕೆಡುವ ಈ ವಸ್ತು 25 ವರ್ಷ ತಾರಸಿಯ ಮೇಲೆ ಬಾಳುವುದನ್ನು ಯಾರೂ ಕಣ್ಣಾರೆ ಕಂಡಿಲ್ಲ, ಅದರ ಕೋಶ ಹುಟ್ಟಿಯೇ ಅಷ್ಟು ವರ್ಷವಾಗಿಲ್ಲ.

ಹಣದ ಕಡೆಗೆ ಬಂದರೆ, 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ, ಒಟ್ಟು 78 ಸಾವಿರ ರೂಪಾಯಿವರೆಗೆ ಸಹಾಯಧನವಿದೆ. ಅದು ಬೇಕೆಂದರೆ ಪ್ಯಾನೆಲ್ ಮಾತ್ರವಲ್ಲ, ಒಳಗಿನ ಕೋಶವೂ ಭಾರತದಲ್ಲೇ ತಯಾರಾಗಿರಬೇಕು. ಕೋಟೇಶನ್‌ನಲ್ಲಿ ‘ಡಿಸಿಆರ್’ (ದೇಶೀಯ ಸರಕೇ ಇರಬೇಕೆಂಬ ಷರತ್ತು) ಎಂಬ ಮೂರಕ್ಷರವಿದೆಯೇ ಎಂದು ನೋಡಿಕೊಳ್ಳಬೇಕು. ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುತ್ತಿರುವ ಸಣ್ಣ ಮನೆಗಳಿಗೆ ಇಷ್ಟು ಖರ್ಚು ಮಾಡೆಂದು ನಾನು ಹೇಳಲಾರೆ. ಇನ್ನೊಂದು ವಿಷಯ: ಬ್ಯಾಟರಿಯಿಲ್ಲದೆ ಗ್ರಿಡ್ಡಿಗೆ ಜೋಡಿಸಿದ ವ್ಯವಸ್ಥೆ, ಕರೆಂಟು ಹೋದಾಗ ಲೈನ್‌ಮನ್‌ಗಳ ಸುರಕ್ಷತೆಗಾಗಿ ತಾನೂ ನಿಂತುಬಿಡುತ್ತದೆ. ನೆತ್ತಿಯ ಮೇಲೆ ಬಿಸಿಲಿದ್ದೂ ಫ್ಯಾನ್ ತಿರುಗದಿದ್ದಾಗ ಮೋಸಹೋದೆವೆಂದು ಬೈದುಕೊಳ್ಳುವವರು, ಇದನ್ನು ಮೊದಲೇ ಕೇಳಿ ತಿಳಿದಿರುವುದು ಒಳ್ಳೆಯದು.

ತಾರಸಿಯಿಂದ ಇಳಿಸಿದ ನಾಲ್ಕು ಪಾಲಿ ಪ್ಯಾನೆಲ್‌ಗಳನ್ನು ಗುಜರಿಯವನು ಕೇಳಿದ ಬೆಲೆಗೆ ಕೊಡಲು ಮನಸ್ಸಾಗದೆ, ಭಾವನ ಗೂಡ್ಸ್ ಆಟೊದಲ್ಲಿ ಮಳವಳ್ಳಿಗೆ ಸಾಗಿಸಿದೆವು. ಕಳಿಸುವ ಮುನ್ನ ಬಿಸಿಲಿನಲ್ಲಿಟ್ಟು, ಆ ಹೊತ್ತಿನ ಬೆಳಕು ಮತ್ತು ಬಿಸಿಯ ಲೆಕ್ಕ ಕಳೆದು ನೋಡಿದಾಗ, ಹನ್ನೊಂದು ವರ್ಷದ ಮೇಲೂ ಮೂಲ ಶಕ್ತಿಯ ಹತ್ತಿರ ಹತ್ತಿರ ರೂಪಾಯಿಗೆ ಹದಿನಾಲ್ಕಾಣೆ, ಅಂದರೆ ಶೇ 88ರಷ್ಟು ಉಳಿದಿತ್ತು. ಈಗ ಅವು ದನದ ಕೊಟ್ಟಿಗೆಯ ತಗಡಿನ ಮೇಲೆ, ಹೊಸದಾಗಿ ಹಾಕಿದ ಬ್ಯಾಟರಿಯೊಡನೆ ಕೂತಿವೆ. ಅಲ್ಲಿ ಜಾಗಕ್ಕೆ ಬರವಿಲ್ಲ; ಎರಡು ಫ್ಯಾನು, ಮೂರು ದೀಪ, ಹಾಲು ಕರೆಯುವ ಹೊತ್ತಿನ ರೇಡಿಯೊಗೆ ಶೇ 15ರ ಪ್ಯಾನೆಲ್ ಧಾರಾಳವಾಗಿ ಸಾಕಾಗುತ್ತಿದೆ.